ಗ್ರೈಂಡರ್‌ಗೆ ಗಾರ್ಡ್ ಬೇಕು, ವೀಲಿನ ಮೇಲಿನ ಅಂಕಿ ಓದಬೇಕು

ಸಂಪಾದಕರಿಗೆ ನಮಸ್ಕಾರ,

ಕೌಶಲ ತರಬೇತಿ ಬಗ್ಗೆ ಇತ್ತೀಚೆಗೆ ನಿಮ್ಮ ಪತ್ರಿಕೆಯಲ್ಲಿ ಒಂದು ಪುಟ ಬಂದಿತ್ತು. ಅದರಲ್ಲಿ ದೊಡ್ಡದೊಂದು ಫೋಟೊ. ಹುಡುಗನೊಬ್ಬ ಗ್ರೈಂಡರ್ ಹಿಡಿದು ಕಬ್ಬಿಣದ ಪೈಪು ಕತ್ತರಿಸುತ್ತಿದ್ದಾನೆ, ಕಿಡಿ ಪುಟದ ಅರ್ಧದವರೆಗೆ ಹಾರಿದೆ. ನೋಡಲು ಚೆನ್ನಾಗಿದೆ. ಆದರೆ ಆ ಗ್ರೈಂಡರ್‌ಗೆ ಗಾರ್ಡ್, ಅಂದರೆ ತಿರುಗಿ ಕತ್ತರಿಸುವ ತಟ್ಟೆಯ (ವೀಲಿನ) ಸುತ್ತ ಇರುವ ರಕ್ಷಣೆಯ ತಗಡು, ಇಲ್ಲ. ಹುಡುಗ ಹಾಕಿಕೊಂಡಿರುವುದು ಬಿಸಿಲಿಗೆ ಹಾಕುವ ಕನ್ನಡಕ. ಎಡಗೈ ಮೆಶಿನ್ನಿನ ಹಿಡಿಯ ಮೇಲೆ ಇರಬೇಕಿತ್ತು, ಅದು ಪೈಪನ್ನು ಹಿಡಿದಿದೆ. ಇಂಥ ಫೋಟೊ ಎಲ್ಲ ಪತ್ರಿಕೆಗಳಲ್ಲೂ ಬರುತ್ತವೆ. ಕೆಲಸ ಕಲಿಯುವ ಹುಡುಗರು ಅದನ್ನು ನೋಡಿ, ಹೀಗೆ ಹಿಡಿಯುವುದೇ ಸರಿ ಅಂದುಕೊಳ್ಳುತ್ತಾರೆ. ಇನ್ನು ಮುಂದೆ ಇಂಥ ಫೋಟೊ ಹಾಕುವ ಮುಂಚೆ ವೀಲಿನ ಸುತ್ತ ಅರ್ಧಚಂದ್ರಾಕಾರದ ತಗಡು ಇದೆಯೇ ಎಂದು ದಯವಿಟ್ಟು ನೋಡಿ.

ನಾನು ಫಿಟ್ಟರ್. ಪೀಣ್ಯದ ಒಂದು ಟೂಲ್ ರೂಮಿನಲ್ಲಿ ಗ್ರೈಂಡಿಂಗ್ ಕಲಿತೆ. ಈಗ ಶಿವಮೊಗ್ಗದಲ್ಲಿ ಡ್ರಿಲ್, ಕಟರ್ ಸಾಣೆ ಹಿಡಿಯುವ ಸಣ್ಣ ಅಂಗಡಿ ಇಟ್ಟುಕೊಂಡಿದ್ದೇನೆ. ತಿರುಗುವ ಕಲ್ಲಿನ ಮುಂದೆ ನಿಂತೇ ನನ್ನ ಜೀವನ ಸಾಗಿದೆ. ಗಾರ್ಡ್ ಬಿಚ್ಚಬೇಡ ಅಂತ ಹುಡುಗರಿಗೆ ಸುಮ್ನೆ ಗದರಿದರೆ ಯಾರೂ ಕೇಳುವುದಿಲ್ಲ. ಯಾಕೆ ಬಿಚ್ಚಬಾರದು ಎಂದು ಲೆಕ್ಕ ಹಾಕಿ ತೋರಿಸಿದರೆ ಕೇಳುತ್ತಾರೆ. ಆ ಲೆಕ್ಕ ನಿಮ್ಮ ಓದುಗರಿಗೂ ಗೊತ್ತಾಗಲಿ ಎಂದು ಈ ಪತ್ರ.

ನಮ್ಮ ಊರುಗಳಲ್ಲಿ ಎಲ್ಲೆಲ್ಲೂ ಕಾಣುವುದು 4 ಇಂಚಿನ ಗ್ರೈಂಡರ್. ಬಹಳಷ್ಟು ಮೆಶಿನ್ನುಗಳ ಮೇಲೆ 11,000 ಆರ್‌ಪಿಎಂ ಎಂದು ಬರೆದಿರುತ್ತದೆ. ಅಂದರೆ ನಿಮಿಷಕ್ಕೆ 11,000 ಸುತ್ತು, ಸೆಕೆಂಡಿಗೆ 183. ವೀಲಿನ ಅಂಚು ಆಗ ಸೆಕೆಂಡಿಗೆ ಸುಮಾರು 58 ಮೀಟರ್ ಓಡುತ್ತಿರುತ್ತದೆ, ಗಂಟೆಗೆ 200 ಕಿಲೋಮೀಟರ್ ದಾಟಿದ ವೇಗ. ಕೈಯಲ್ಲಿ ಹಿಡಿದಾಗ ಅಷ್ಟು ವೇಗ ಅನಿಸುವುದೇ ಇಲ್ಲ, ಯಾಕೆಂದರೆ ವೀಲ್ ಇದ್ದಲ್ಲೇ ಇರುತ್ತದೆ.

ನಾನು ಹುಟ್ಟಿದ್ದು ರಾಣೆಬೆನ್ನೂರು ಕಡೆ. ಜೋಳದ ಹೊಲದಲ್ಲಿ ಹಕ್ಕಿ ಓಡಿಸಲು ಕವಣೆ ಬೀಸಿದವರಿಗೆ ಈ ವಿಷಯ ಬೇಗ ಅರ್ಥವಾಗುತ್ತದೆ. ಬೀಸುವಷ್ಟು ಹೊತ್ತು ಕಲ್ಲು ಕೈಯನ್ನು ಹೊರಕ್ಕೆ ಜಗ್ಗುತ್ತಿರುತ್ತದೆ. ಹಗ್ಗದ ಒಂದು ತುದಿ ಬಿಟ್ಟ ಕೂಡಲೇ ಕಲ್ಲು ಸುತ್ತುವುದನ್ನು ಬಿಟ್ಟು ನೆಟ್ಟಗೆ ಹೋಗುತ್ತದೆ. ವೀಲಿನ ಅಂಚಿನಲ್ಲಿರುವ ಒಂದೊಂದು ಹರಳೂ ಅಂಥ ಕಲ್ಲೇ. ಅದನ್ನು ಹಿಡಿದಿಟ್ಟಿರುವ ಹಗ್ಗ ಎಂದರೆ ವೀಲಿನೊಳಗಿನ ಅಂಟು ಮತ್ತು ಗಾಜಿನ ನಾರಿನ ಜಾಲರಿ. 4 ಇಂಚಿನ ವೀಲ್ 11,000 ಸುತ್ತು ತಿರುಗುವಾಗ ಅಂಚಿನಲ್ಲಿರುವ ಒಂದು ಗ್ರಾಂ ಪುಡಿಯನ್ನು ಹಿಡಿದಿಡಲು ಬೇಕಾದ ಬಲ ಎಷ್ಟು ಗೊತ್ತೇ? ಸುಮಾರು 6.8 ಕೆಜಿ ತೂಕವನ್ನು ತೂಗುಹಾಕಿದಷ್ಟು. ತನ್ನ ತೂಕದ 6,800 ಪಟ್ಟು ಹತ್ತಿರ. ಇದು ಯಾವ ತೊಂದರೆಯೂ ಇಲ್ಲದ, ಸರಿಯಾದ ಮೆಶಿನ್ನಿನಲ್ಲಿ ಸರಿಯಾದ ವೀಲ್ ಓಡುವಾಗಿನ ಮಾತು.

ವೇಗ ಏರಿದರೆ ಈ ಎಳೆತ ಅದೇ ಅಳತೆಯಲ್ಲಿ ಏರುವುದಿಲ್ಲ. ವೇಗ ಎರಡು ಪಟ್ಟಾದರೆ ಎಳೆತ ನಾಲ್ಕು ಪಟ್ಟು. ವೇಗ ಮೂರು ಪಟ್ಟಾದರೆ ಒಂಬತ್ತು ಪಟ್ಟು. ಕೆಲಸಗಾರರಿಗೆ ಇದೊಂದು ಗೊತ್ತಿದ್ದರೆ ಎಷ್ಟೋ ಅನಾಹುತ ತಪ್ಪುತ್ತದೆ. ಸ್ವಲ್ಪ ಜಾಸ್ತಿ ಸ್ಪೀಡ್ ಆದರೆ ಏನಾಗುತ್ತೆ ಬಿಡಿ ಅನ್ನುವವರಿಗೆ ಆ ಸ್ವಲ್ಪ ಅನ್ನುವುದು ಎಷ್ಟಾಗುತ್ತದೆ ಎಂದು ತಿಳಿದಿರುವುದಿಲ್ಲ.

ಇನ್ನು ವೀಲಿನ ಮೇಲಿನ ಅಂಕಿಗೆ ಬರುತ್ತೇನೆ. 4 ಇಂಚಿನ ಕಟಿಂಗ್ ವೀಲ್ ಮೇಲೆ ಸಾಮಾನ್ಯವಾಗಿ 15,300ರ ಆಸುಪಾಸಿನ ಅಂಕಿ ಇರುತ್ತದೆ. 5 ಇಂಚಿನದರ ಮೇಲೆ 12,200. 7 ಇಂಚಿನದರ ಮೇಲೆ 8,500. ಪೈಪು, ಆ್ಯಂಗಲ್ ಕತ್ತರಿಸುವ 14 ಇಂಚಿನ ದೊಡ್ಡ ವೀಲ್ ಮೇಲೆ 4,300 ಅಥವಾ 4,400. ಅಂಕಿ ಬೇರೆ ಬೇರೆ, ಆದರೆ ಎಲ್ಲ ಹೇಳುವುದು ಒಂದೇ ಮಾತು: ಅಂಚು ಸೆಕೆಂಡಿಗೆ 80 ಮೀಟರ್ ದಾಟಬಾರದು. ವೀಲ್ ದೊಡ್ಡದಾದಷ್ಟೂ ಅದೇ ಸುತ್ತಿನಲ್ಲಿ ಅಂಚು ಜಾಸ್ತಿ ದೂರ ಓಡಬೇಕು. ಅದಕ್ಕೇ ದೊಡ್ಡ ವೀಲಿಗೆ ಸಣ್ಣ ಅಂಕಿ.

ಲೆಕ್ಕ ಯಾರು ಬೇಕಾದರೂ ಮಾಡಬಹುದು. ವೀಲಿನ ವ್ಯಾಸವನ್ನು, ಅಂದರೆ ಒಂದು ಅಂಚಿನಿಂದ ಎದುರು ಅಂಚಿನವರೆಗಿನ ಅಳತೆಯನ್ನು, ಮಿಲಿಮೀಟರಿನಲ್ಲಿ ತಗೊಳ್ಳಿ. ಅದನ್ನು ಮೆಶಿನ್ನಿನ ಆರ್‌ಪಿಎಂನಿಂದ ಗುಣಿಸಿ, 19,100ರಿಂದ ಭಾಗಿಸಿ. ಬಂದ ಉತ್ತರವೇ ಅಂಚು ಸೆಕೆಂಡಿಗೆ ಓಡುವ ಮೀಟರ್. ಮೊಬೈಲಿನಲ್ಲಿ ಅರ್ಧ ನಿಮಿಷದ ಕೆಲಸ.

ಈಗ 7 ಇಂಚಿನ ವೀಲನ್ನು, ಅಂದರೆ 180 ಮಿಲಿಮೀಟರಿನದನ್ನು, 11,000 ಸುತ್ತಿನ ಸಣ್ಣ ಗ್ರೈಂಡರ್‌ಗೆ ಹಾಕಿದರೆ? ಸೆಕೆಂಡಿಗೆ ಸುಮಾರು 104 ಮೀಟರ್. ಗಂಟೆಗೆ 370 ಕಿಲೋಮೀಟರ್‌ಗೂ ಜಾಸ್ತಿ. ವೇಗ ಮಿತಿಗಿಂತ 30 ಪರ್ಸೆಂಟ್ ಮೇಲೆ, ಎಳೆತ ಮಿತಿಗಿಂತ ಸುಮಾರು 68 ಪರ್ಸೆಂಟ್ ಮೇಲೆ. ಅದಕ್ಕೆ ಗಾರ್ಡ್ ಕೂರುವುದಿಲ್ಲ, ಹಾಗಾಗಿ ಬಿಚ್ಚಲೇಬೇಕು. ಇದನ್ನು ಯಾರು ಮಾಡುತ್ತಾರೆ ಎಂದು ಕೇಳಬೇಡಿ. ನಮ್ಮ ಕಡೆಯ ಒಂದು ಗ್ರಿಲ್ ಅಂಗಡಿಯಲ್ಲಿ ಮಾಡಿದರು. ದೊಡ್ಡ ಮೆಶಿನ್ ಕೆಟ್ಟಿತ್ತು, ಗೇಟಿನ ಕೆಲಸ ಅರ್ಜೆಂಟಿತ್ತು. ವೀಲ್ ಒಡೆದು ಚೂರು ಹುಡುಗನ ಮುಖಕ್ಕೆ ಬಡಿಯಿತು. ಒಂದು ಕಣ್ಣು ಹೋಯಿತು. ಇನ್ನೂ ಮೀಸೆ ಸರಿಯಾಗಿ ಮೂಡದ ಹುಡುಗ. ಆಸ್ಪತ್ರೆಯಲ್ಲಿ ಅವನ ತಾಯಿ, ಅಷ್ಟು ಚಿಕ್ಕ ಮೆಶಿನ್ನಿನಿಂದ ಹೀಗಾಯ್ತಾ ಅಣ್ಣಾ ಎಂದು ನನ್ನನ್ನು ಕೇಳಿದರು. ಅವರಿಗೆ ಏನು ಹೇಳಲಿ ಎಂದು ನನಗೆ ತಿಳಿಯಲಿಲ್ಲ.

5 ಇಂಚಿನ ವೀಲನ್ನು 4 ಇಂಚಿನ ಮೆಶಿನ್ನಿಗೆ ಹಾಕುವುದಂತೂ ಇನ್ನೂ ಜಾಸ್ತಿ. ವೀಲ್ ಹೆಚ್ಚು ದಿನ ಬರುತ್ತೆ, ಆಳಕ್ಕೆ ಹೋಗುತ್ತೆ ಅನ್ನುತ್ತಾರೆ. ನ್ಯಾಯವಾಗಿ ಹೇಳಬೇಕೆಂದರೆ ಇಲ್ಲಿ ವೇಗ ಮಿತಿಯೊಳಗೇ ಇರುತ್ತದೆ. 125 ಮಿಲಿಮೀಟರ್ ವೀಲ್ 11,000 ಸುತ್ತಿನಲ್ಲಿ ಸೆಕೆಂಡಿಗೆ 72 ಮೀಟರ್. ಆದರೆ ಎರಡು ತೊಂದರೆ ಇವೆ. ಗಾರ್ಡ್ ಬಿಚ್ಚದೆ ಅದು ಕೂರುವುದಿಲ್ಲ, ಇದು ಮೊದಲನೆಯದು. ಎರಡನೆಯದು ನಡುವಿನ ತೂತು. 4 ಇಂಚಿನ ವೀಲಿಗೆ 16 ಮಿಲಿಮೀಟರ್ ತೂತು, 5 ಇಂಚಿನದಕ್ಕೆ ಸುಮಾರು 22. ಆ ಸಂದಿಗೆ ಪೈಪಿನ ತುಂಡೋ ಸುತ್ತಿದ ತಗಡೋ ತುರುಕುತ್ತಾರೆ. ವೀಲ್ ನಡುಮಧ್ಯ ಕೂರುವುದಿಲ್ಲ. 100 ಗ್ರಾಂ ವೀಲ್ ಒಂದೇ ಒಂದು ಮಿಲಿಮೀಟರ್ ಪಕ್ಕಕ್ಕೆ ಕೂತರೆ ಆ ವೇಗದಲ್ಲಿ ಸುಮಾರು 13 ಕೆಜಿ ತೂಕದಷ್ಟು ಬಲ ಸ್ಪಿಂಡಲನ್ನು, ಅಂದರೆ ವೀಲ್ ಕೂರುವ ಕಂಬಿಯನ್ನು, ಜಗ್ಗುತ್ತದೆ. ಅದೂ ಒಂದೇ ಕಡೆಗಲ್ಲ, ಸೆಕೆಂಡಿಗೆ 183 ಸಲ ಸುತ್ತೆಲ್ಲ ದಿಕ್ಕಿಗೆ. ಕೈ ಜೋಮು ಹಿಡಿಯುವುದು, ಬೇರಿಂಗ್ ಹೋಗುವುದು, ವೀಲ್ ಬಿರುಕು ಬಿಡುವುದು ಎಲ್ಲ ಇದರಿಂದಲೇ.

ಇನ್ನೂ ಕೆಟ್ಟದ್ದು ಇದರ ಉಲ್ಟಾ ಕೆಲಸ. ವೀಲಿನ ತೂತು ಚಿಕ್ಕದಾಗಿ ಸ್ಪಿಂಡಲ್ ಮೇಲೆ ಕೂರದಿದ್ದರೆ ಅರದಿಂದ ಕೆರೆದು ದೊಡ್ಡದು ಮಾಡುತ್ತಾರೆ. ತಿರುಗುವ ತಟ್ಟೆಯಲ್ಲಿ ಎಳೆತ ಎಲ್ಲಕ್ಕಿಂತ ಜಾಸ್ತಿ ಇರುವುದು ಆ ತೂತಿನ ಅಂಚಿನಲ್ಲೇ. ಹೊರಗಿನ ಅಂಚಿನಲ್ಲಿ ಎಂದು ನಮಗೆ ಅನಿಸುತ್ತದೆ, ಆದರೆ ಹಾಗಲ್ಲ. ತೂತಿಲ್ಲದ ತಟ್ಟೆಗೆ ನಡುವೆ ಸೂಜಿ ಹೋಗುವಷ್ಟು ತೂತು ಕೊರೆದರೂ ಸಾಕು, ಅಲ್ಲಿನ ಎಳೆತ ಎರಡರಷ್ಟಾಗುತ್ತದೆ. ಆ ಜಾಗದಲ್ಲಿ ಅರ ಆಡಿಸಿ ಗೀರು ಮಾಡಿದರೆ ಬಿರುಕು ಅಲ್ಲಿಂದಲೇ ಶುರು. ವೀಲ್ ಕೂರದಿದ್ದರೆ ಅದು ಆ ಮೆಶಿನ್ನಿನ ವೀಲಲ್ಲ, ಅಷ್ಟೇ.

ದಪ್ಪ ವೀಲ್ ಹಾಕಿದರೆ ಒಡೆಯಲ್ಲ ಎಂಬ ಮಾತನ್ನೂ ಕೇಳಿದ್ದೇನೆ. ತಿರುಗುವ ವಸ್ತುವಿನಲ್ಲಿ ಈ ಮಾತು ನಡೆಯುವುದಿಲ್ಲ. ಸೇತುವೆಯ ಕಂಬ ದಪ್ಪ ಮಾಡಿದರೆ ಜಾಸ್ತಿ ಭಾರ ಹೊರುತ್ತದೆ, ಯಾಕೆಂದರೆ ಭಾರ ಹೊರಗಿನಿಂದ ಬರುತ್ತದೆ. ಚಕ್ರದಲ್ಲಿ ಭಾರ ಚಕ್ರದ್ದೇ. ಎರಡು ಪಟ್ಟು ದಪ್ಪ ಮಾಡಿದರೆ ತಡೆಯುವ ವಸ್ತು ಎರಡು ಪಟ್ಟು ಆಗುತ್ತದೆ, ಹೊರಕ್ಕೆ ಜಗ್ಗುವ ವಸ್ತುವೂ ಎರಡು ಪಟ್ಟು ಆಗುತ್ತದೆ. ಸಮಕ್ಕೆ ಸಮ ಹೋಯಿತು. ಉಳಿಯುವುದು ಎರಡೇ: ವಸ್ತು ಎಂಥದ್ದು, ಅಂಚಿನ ವೇಗ ಎಷ್ಟು. ಇದನ್ನು ನನಗೆ ಟೂಲ್ ರೂಮಿನ ಹಿರಿಯ ಮೇಸ್ತ್ರಿಯೊಬ್ಬರು ಬೆಂಚಿನ ಮೇಲೆ ಚಾಕ್‌ನಲ್ಲಿ ಬರೆದು ಹೇಳಿದ್ದರು. ಸ್ಟೀಮ್ ಎಂಜಿನ್ ಕಾಲದ ಜನರಿಗೂ ಇದು ಗೊತ್ತಿತ್ತು. ಎಂಜಿನ್ನಿನ ಓಟ ಸಮವಾಗಿಡುವ ಭಾರದ ಚಕ್ರ, ಅಂದರೆ ಎರಕದ ಕಬ್ಬಿಣದ ಫ್ಲೈವೀಲ್, ಎಷ್ಟೇ ದೊಡ್ಡದಿರಲಿ, ಎಷ್ಟೇ ದಪ್ಪ ಇರಲಿ, ಅದರ ಅಂಚು ನಿಮಿಷಕ್ಕೆ ಸುಮಾರು ಒಂದು ಮೈಲಿಗಿಂತ ಜಾಸ್ತಿ ಓಡಬಾರದು ಎಂದು ಇಟ್ಟುಕೊಂಡಿದ್ದರು. ವೇಗವನ್ನು ಹಿಡಿತದಲ್ಲಿಡುವ ಗವರ್ನರ್ ಎಂಬ ಭಾಗ ಕೈಕೊಟ್ಟು ಎಂಜಿನ್ ಓಟ ಕಿತ್ತಾಗ ಫ್ಲೈವೀಲ್ ಸಿಡಿದು ಮಿಲ್ಲಿನ ಗೋಡೆ, ಸೂರು ಒಡೆದದ್ದುಂಟು.

ತಿರುಗುವ ವಸ್ತುವಿನ ಗುಣ ನಮ್ಮ ಶತ್ರು ಅಂತ ನಾನು ಹೇಳುತ್ತಿಲ್ಲ. ಪವರ್ ಪ್ರೆಸ್ಸಿನ ಫ್ಲೈವೀಲ್ ಸಣ್ಣ ಮೋಟಾರಿನಿಂದ ನಿಧಾನಕ್ಕೆ ಶಕ್ತಿ ತುಂಬಿಕೊಂಡು, ತಗಡು ಕತ್ತರಿಸುವ ಆ ಒಂದು ಕ್ಷಣದಲ್ಲಿ ಸುರಿದುಬಿಡುತ್ತದೆ. ಡೇರಿಯಲ್ಲಿ ಹಾಲಿನಿಂದ ಕೆನೆ ಬೇರೆ ಮಾಡುವುದು ಇದೇ ಹೊರಗಿನ ಎಳೆತದಿಂದ. ಉಪಗ್ರಹದೊಳಗೆ ಸಣ್ಣ ಚಕ್ರಗಳ ವೇಗ ಏರಿಸಿ ಇಳಿಸಿ ಇಡೀ ಉಪಗ್ರಹದ ಮುಖವನ್ನು ಬೇಕಾದ ಕಡೆ ತಿರುಗಿಸುತ್ತಾರೆ. ನಮ್ಮ ಗ್ರೈಂಡರಿನಲ್ಲೂ ಚಕ್ರದ ಆ ಹಟ ಗೊತ್ತಾಗುತ್ತದೆ. ಓಡುತ್ತಿರುವ 7 ಇಂಚಿನ ಮೆಶಿನ್ನನ್ನು ಹಿಡಿದು ಬೇಗ ಓರೆ ಮಾಡಿದರೆ, ನೀವು ತಿರುಗಿಸಿದ ಕಡೆಗೆ ಬರುವ ಬದಲು ಅದು ಅಡ್ಡ ದಿಕ್ಕಿಗೆ ಜಗ್ಗುತ್ತದೆ. ಹೊಸ ಹುಡುಗರು ಇದಕ್ಕೇ ಹೆದರುವುದು. ಎರಡೂ ಕೈಯಲ್ಲಿ ಹಿಡಿಯಿರಿ ಎಂದು ಹೇಳುವುದಕ್ಕೆ ಇದೂ ಒಂದು ಕಾರಣ. ಸ್ವಿಚ್ ಆಫ್ ಮಾಡಿದ ಮೇಲೂ ವೀಲ್ ಸುತ್ತುತ್ತಲೇ ಇರುತ್ತದೆ. ಆಗ ಅದನ್ನು ಕಾಲ ಹತ್ತಿರ ನೆಲದ ಮೇಲೆ ಇಡುವವರನ್ನು ಕಂಡರೆ ನನಗೆ ಎದೆ ಝಲ್ ಅನ್ನುತ್ತದೆ.

ನಡುಕದ ಮಾತು ಬಂದಾಗ ನಾನು ಯಾವಾಗಲೂ ಒಂದು ಘಟನೆ ಹೇಳುತ್ತೇನೆ. ರಷ್ಯಾದ ಸೈಬೀರಿಯಾದಲ್ಲಿ ಯೆನಿಸೇ ನದಿಗೆ ಕಟ್ಟಿದ ಸಯಾನೊ-ಶುಶೆನ್‌ಸ್ಕಾಯಾ ಅಂತ ಒಂದು ಭಾರಿ ಜಲವಿದ್ಯುತ್ ಕೇಂದ್ರವಿದೆ. ಅಲ್ಲಿನ 2ನೇ ಟರ್ಬೈನ್ ಮಿತಿಗಿಂತ ಜಾಸ್ತಿ ನಡುಗುತ್ತಿತ್ತು. ಮುಚ್ಚಳವನ್ನು ಹಿಡಿದಿದ್ದ ಬೋಲ್ಟುಗಳು ಆ ನಡುಕಕ್ಕೆ ಸೊರಗಿ ಬಿರುಕು ಬಿಟ್ಟಿದ್ದವು. 2009ರ ಆಗಸ್ಟ್ 17ರಂದು ಅವು ಕಿತ್ತುಹೋದವು. ಟರ್ಬೈನ್ ಮೇಲಕ್ಕೆ ಎದ್ದು ಬಂತು, ನೀರು ನುಗ್ಗಿತು, 75 ಜನ ಸತ್ತರು. ಅಂಥ ದೊಡ್ಡ ಯಂತ್ರಕ್ಕೆ ಅಳತೆಯ ಉಪಕರಣ ಬೇಕು. ನಮ್ಮ ಗ್ರೈಂಡರ್‌ಗೆ ಕೈಯೇ ಸಾಕು. ಹೊಸ ವೀಲ್ ಹಾಕಿದಾಗ ಮೆಶಿನ್ ಮೊದಲಿಗಿಂತ ಬೇರೆ ಥರ ನಡುಗಿದರೆ ಆಫ್ ಮಾಡಿ, ಬಿಚ್ಚಿ ನೋಡಿ. ಹೊಸ ವೀಲನ್ನು ಒಂದು ನಿಮಿಷ ಖಾಲಿ ಓಡಿಸಿ. ಆಗ ಮುಖ ವೀಲಿನ ಸಾಲಿನಲ್ಲಿ ಇರಬಾರದು, ಪಕ್ಕಕ್ಕೆ ನಿಲ್ಲಿ. ಒಡೆದ ಚೂರು ಹೋಗುವುದು ವೀಲ್ ತಿರುಗುವ ಸಾಲಿನಲ್ಲೇ. ಗಾರ್ಡನ್ನು ಆ ಸಾಲಿಗೆ ಅಡ್ಡ ಇಟ್ಟಿರುವುದು ಅದಕ್ಕೇ.

ಮಲೆನಾಡಿನವರಿಗೆ ಇನ್ನೊಂದು ಮಾತು. ಈ ತೆಳು ವೀಲುಗಳ ಅಂಟಿಗೆ ತೇವ ಆಗುವುದಿಲ್ಲ. ಮಳೆಗಾಲದಲ್ಲಿ ಸಿಮೆಂಟ್ ನೆಲದ ಮೇಲೆ, ಸೋರುವ ಶೀಟಿನ ಕೆಳಗೆ ಇಟ್ಟರೆ ಅಂಟು ಸೊರಗುತ್ತದೆ. ಒಂದು ಪಕ್ಕ ಮಾತ್ರ ನೀರು ಕುಡಿದರೆ ತೂಕವೂ ಒಂದು ಕಡೆ ಜಾಸ್ತಿಯಾಗುತ್ತದೆ. ನಡುವಿನ ಲೋಹದ ಬಳೆಯ ಮೇಲೆ ಬಳಸುವ ಕೊನೆಯ ತಿಂಗಳು, ವರ್ಷ ಒತ್ತಿರುತ್ತಾರೆ. ಔಷಧಿಯ ಡೇಟ್ ನೋಡುವ ನಾವು ಇದನ್ನು ನೋಡುವುದೇ ಇಲ್ಲ ಅಲ್ವಾ? ಮೇಜಿನ ಮೇಲೆ ಕೂರಿಸುವ ಬೆಂಚ್ ಗ್ರೈಂಡರಿನ ದಪ್ಪ ಕಲ್ಲಿನ ವಿಷಯ ಬೇರೆ. ಅದರೊಳಗೆ ಜಾಲರಿ ಇರುವುದಿಲ್ಲ, ಮಿತಿಯೂ ಅರ್ಧಕ್ಕಿಂತ ಕಡಿಮೆ, ಸಾಮಾನ್ಯವಾಗಿ ಸೆಕೆಂಡಿಗೆ 35 ಮೀಟರ್ ಆಸುಪಾಸು. ಅದನ್ನು ಹಾಕುವ ಮುಂಚೆ ಬೆರಳಿಗೆ ತೂಗುಹಾಕಿ ಮರದ ಹಿಡಿಯಿಂದ ಮೆಲ್ಲಗೆ ತಟ್ಟಿ ನೋಡಿ. ಟಣ್ ಎಂದರೆ ಒಳ್ಳೆಯದು. ಮಂಕು ಸದ್ದು ಬಂದರೆ ಒಳಗೆ ಬಿರುಕಿದೆ, ಎಸೆಯಿರಿ. ಕಲ್ಲಿಗೂ ಅದರ ಮುಂದೆ ಕೆಲಸದ ವಸ್ತು ಊರುವ ಪಟ್ಟಿಗೂ (ಟೂಲ್ ರೆಸ್ಟಿಗೂ) ನಡುವೆ 3 ಮಿಲಿಮೀಟರಿಗಿಂತ ಜಾಸ್ತಿ ಸಂದಿ ಬಿಡಬೇಡಿ. ಅದರ ಮೇಲೆ ಅಲ್ಯೂಮಿನಿಯಂ ಉಜ್ಜಬೇಡಿ. ಅದು ಕಲ್ಲಿನ ರಂಧ್ರಕ್ಕೆ ಮೆತ್ತಿಕೊಂಡು ಕಾವೇರುತ್ತದೆ, ಕಲ್ಲು ಒಡೆಯುತ್ತದೆ.

ನನ್ನ ಮುಖ್ಯ ದೂರು ಕಾನೂನಿನ ಬಗ್ಗೆ. 1948ರ ಕಾರ್ಖಾನೆ ಕಾಯ್ದೆಯ 30ನೇ ಸೆಕ್ಷನ್ ಪೂರ್ತಿ ತಿರುಗುವ ಯಂತ್ರಗಳ ಬಗ್ಗೆಯೇ ಇತ್ತು. ಗ್ರೈಂಡಿಂಗ್ ನಡೆಯುವ ಕಡೆ ಪ್ರತಿ ಮೆಶಿನ್ನಿನ ಹತ್ತಿರ ಒಂದು ಬೋರ್ಡ್ ಇರಬೇಕು. ಅದರಲ್ಲಿ ವೀಲಿನ ಅಂಚಿನ ಗರಿಷ್ಠ ವೇಗ, ಸ್ಪಿಂಡಲಿನ ವೇಗ, ಆ ವೇಗಕ್ಕೆ ಬೇಕಾದ ಪುಲ್ಲಿಯ (ಬೆಲ್ಟ್ ಓಡುವ ಗಾಲಿಯ) ವ್ಯಾಸ ಬರೆದಿರಬೇಕು, ಆ ವೇಗ ದಾಟಬಾರದು ಎಂದು ಅದು ಹೇಳುತ್ತಿತ್ತು. ಪುಲ್ಲಿಯ ವ್ಯಾಸವನ್ನೂ ಸೇರಿಸಿದವರು ಕೆಲಸ ಗೊತ್ತಿದ್ದವರು. ನಮ್ಮ ಕಡೆ ಬೆಲ್ಟ್ ಹಾಕಿದ ಕಟಾಫ್ ಮೆಶಿನ್ನುಗಳನ್ನು ಸ್ಥಳೀಯವಾಗಿಯೇ ಮಾಡಿಕೊಳ್ಳುತ್ತಾರೆ. 2,880 ಸುತ್ತಿನ ಮೋಟಾರಿಗೆ 4 ಇಂಚಿನ ಪುಲ್ಲಿ, ಸ್ಪಿಂಡಲಿಗೆ 3 ಇಂಚಿನದು. ವೀಲ್ 3,840 ಸುತ್ತು ತಿರುಗುತ್ತದೆ, 14 ಇಂಚಿನ ವೀಲಿಗೆ ಸರಿ. ಆ 3 ಇಂಚಿನ ಪುಲ್ಲಿ ಸವೆದು, ಅಂಗಡಿಯಲ್ಲಿ ಸಿಕ್ಕಿತೆಂದು ಎರಡೂವರೆ ಇಂಚಿನದು ಹಾಕಿದರೆ 4,600 ದಾಟುತ್ತದೆ. ಮಿತಿ ಹೋಯಿತು, ಎಳೆತ ಮೊದಲಿಗಿಂತ 44 ಪರ್ಸೆಂಟ್ ಜಾಸ್ತಿ. ಬರೀ ಅರ್ಧ ಇಂಚಿನ ವ್ಯತ್ಯಾಸ. ಬೋರ್ಡ್ ಇದ್ದಿದ್ದರೆ ಒಬ್ಬರಾದರೂ ತಡೆಯುತ್ತಿದ್ದರು.

ಆದರೆ ಆ ಕಾಯ್ದೆ ಪವರ್ ಬಳಸುವ ಕಡೆ 10 ಅಥವಾ ಹೆಚ್ಚು ಕೆಲಸಗಾರರಿದ್ದರೆ ಮಾತ್ರ ಕಾರ್ಖಾನೆ ಎನ್ನುತ್ತಿತ್ತು. ಅದರ ಜಾಗಕ್ಕೆ ಬಂದಿರುವ 2020ರ ಸುರಕ್ಷತಾ ಸಂಹಿತೆ ಆ ಅಂಕಿಯನ್ನು 20ಕ್ಕೆ ಏರಿಸಿದೆ. ಗ್ರಿಲ್ ಅಂಗಡಿ, ವೆಲ್ಡಿಂಗ್ ಶಾಪ್, ಗ್ರಾನೈಟ್ ಕೂರಿಸುವವರು, ಬಡಗಿಗಳು ಯಾರ ಹತ್ತಿರ 20 ಜನ ಇದ್ದಾರೆ? ಇಬ್ಬರು, ಮೂವರು. ವೀಲ್ ಒಡೆಯುವುದು ಇವರ ಕೈಯಲ್ಲೇ. ವೇಗದ ಬೋರ್ಡಿನ ನಿಯಮಕ್ಕಾದರೂ ಜನರ ಲೆಕ್ಕ ಬೇಡ ಎಂದು ಕಾರ್ಮಿಕ ಇಲಾಖೆಯನ್ನು ಕೇಳಿಕೊಳ್ಳುತ್ತೇನೆ. ಒಂದು ಹಾಳೆ ಸಾಕು, ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ.

ಮಾಲೀಕರ ಕಷ್ಟವೂ ನನಗೆ ಗೊತ್ತು. ಗ್ರಿಲ್ಲಿನ ಮೂಲೆಗೆ ಗಾರ್ಡ್ ಅಡ್ಡ ಬರುತ್ತದೆ, ನಿಜ. ಆದರೆ ಕ್ಲಾಂಪ್ ಸಡಿಲಿಸಿ ಗಾರ್ಡನ್ನು ತಿರುಗಿಸಿ ಇಟ್ಟುಕೊಳ್ಳಬಹುದು, ಅದಕ್ಕೇ ಹಾಗೆ ಮಾಡಿದ್ದಾರೆ. ಆಳಕ್ಕೆ ಹೋಗಬೇಕೆಂದರೆ 5 ಇಂಚಿನ ಮೆಶಿನ್ನನ್ನೇ ತಗೊಳ್ಳಿ, ಅದರ ಗಾರ್ಡ್ ಅದರ ಜೊತೆಗೇ ಬರುತ್ತದೆ. ಹಾರ್ಡ್‌ವೇರ್ ಅಂಗಡಿಯವರಲ್ಲೂ ಒಂದು ಬೇಡಿಕೆ. ಬಿಡಿ ವೀಲ್ ಕೇಳಿದವರಿಗೆ ಯಾವ ಮೆಶಿನ್ನಿಗೆ ಎಂದು ಒಂದು ಸಲ ಕೇಳಿ. ಕಳೆದುಹೋದ ಗಾರ್ಡ್ ಬಿಡಿಯಾಗಿ ಸಿಗುವಂತೆ ನಾಲ್ಕಾರು ತರಿಸಿಡಿ. ಈಗ ಹುಡುಕಿದರೂ ಸಿಗುವುದಿಲ್ಲ.

ಕೊನೆಯದಾಗಿ ಸಾಲ ಕೊಡುವವರಿಗೆ. ಫ್ಯಾಬ್ರಿಕೇಶನ್ ಅಂಗಡಿ ಇಡಲು ಸಬ್ಸಿಡಿ ಸಾಲ ಕೊಡುವಾಗ ಮೆಶಿನ್ನುಗಳ ಬಿಲ್ ಕೇಳುತ್ತಾರೆ, ಅಂಗಡಿಗೆ ಬಂದು ಫೋಟೊ ತೆಗೆದುಕೊಂಡು ಹೋಗುತ್ತಾರೆ. ಆ ಫೋಟೊದಲ್ಲಿ ಪ್ರತಿ ಗ್ರೈಂಡರ್‌ಗೂ ಗಾರ್ಡ್ ಇರಬೇಕು, ಗೋಡೆಯ ಮೇಲೆ ವೇಗದ ಹಾಳೆ ಇರಬೇಕು, ಇಲ್ಲದಿದ್ದರೆ ಮುಂದಿನ ಕಂತು ಬರುವುದಿಲ್ಲ ಎಂದು ಜಿಲ್ಲಾ ಕೈಗಾರಿಕಾ ಕೇಂದ್ರ ಮತ್ತು ಬ್ಯಾಂಕಿನವರು ಷರತ್ತು ಹಾಕಲಿ. ಇದಕ್ಕೆ ಹೊಸ ಕಾನೂನು ಬೇಡ, ದುಡ್ಡೂ ಬೇಡ. ಹಾಳೆಯಲ್ಲಿ ಏನು ಬರೆಯಬೇಕು ಎಂದು ಕೇಳಿದರೆ ಬರೆದುಕೊಡಲು ನಾನು ತಯಾರಿದ್ದೇನೆ.

ಇಂತಿ ನಿಮ್ಮ ಓದುಗ,
ಟೂಲ್ ಗ್ರೈಂಡಿಂಗ್ ಅಂಗಡಿಯವನು, ಶಿವಮೊಗ್ಗ